ನಿಯಮ ಹೋದ ಮೇಲೆ ಆಸ್ಪತ್ರೆಯ ಮಾಸ್ಕ್: ಎಲ್ಲಿ ಎಣಿಸಬೇಕು, ಎಲ್ಲಿ ಉಳಿಸಬೇಕು

ಕೋವಿಡ್ ಕಾಲದ ನಿಯಮ ಸಡಿಲವಾದ ಮೇಲೂ ಜನ ಮಾಸ್ಕ್ ಹಾಕುತ್ತಾರಾ? ಆಸ್ಪತ್ರೆಯ ಸೋಂಕು ನಿಯಂತ್ರಣ ಸಭೆಗಳಲ್ಲಿ ಈ ಪ್ರಶ್ನೆ ಈಗಲೂ ಬರುತ್ತದೆ. ಹೌದು ಅಥವಾ ಇಲ್ಲ ಎಂದು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಮುಖ್ಯ ಗೇಟಿನಲ್ಲಿ ನಿಂತು ನೋಡಿದರೆ ಒಂದು ಉತ್ತರ, ಔಷಧಿ ಕೌಂಟರಿನ ಸಾಲಿನಲ್ಲಿ ಇನ್ನೊಂದು, ಡಯಾಲಿಸಿಸ್ ಘಟಕದೊಳಗೆ ಮತ್ತೊಂದು. ಮೂರೂ ಕಡೆ ಇರುವವರು ಅದೇ ಗೇಟಿನಿಂದ ಬಂದ ಜನ.

ಹೊರಗೆ ಮಾಸ್ಕ್ ನಿಂತಿದ್ದು ಬಹುಮಟ್ಟಿಗೆ ದಂಡದ ಮೇಲೆ. 2020ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ನಗರಗಳಲ್ಲಿ ಅದು 1,000 ರೂಪಾಯಿಗೆ ಏರಿ, ಜನ ಸಿಟ್ಟಾದ ಮೇಲೆ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಯಿತು. 2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕೋವಿಡ್ ನಿರ್ಬಂಧಗಳು ಮುಗಿದವು, ಮಾಸ್ಕ್ ಬರೀ ಸಲಹೆಯಾಗಿ ಉಳಿಯಿತು. ನವೆಂಬರ್ 16ರಂದು ವಿಮಾನದಲ್ಲೂ ಕಡ್ಡಾಯ ಹೋಯಿತು. ಆ ಡಿಸೆಂಬರ್ 26ರಂದು ಚಿತ್ರಮಂದಿರ, ಶಾಲೆ-ಕಾಲೇಜು, ಪಬ್‌ಗಳಿಗೆ ರಾಜ್ಯ ಸರ್ಕಾರ ಮತ್ತೆ ಕಡ್ಡಾಯ ಮಾಡಿತು. 2023ರ ಡಿಸೆಂಬರಿನಲ್ಲಿ ಕೋವಿಡ್‌ನ ಹೊಸ ತಳಿ ಜೆಎನ್.1 ಸುದ್ದಿಯಾದಾಗ 60 ದಾಟಿದವರು, ಬೇರೆ ಕಾಯಿಲೆ ಇರುವವರು ಹಾಕಿಕೊಳ್ಳಲಿ ಎಂದಿತು. ಇಷ್ಟು ಸಲ ಬಂದು ಹೋದದ್ದರಿಂದ ಟಿವಿಯಲ್ಲಿ ಸುದ್ದಿ ಇದ್ದಾಗ ಮಾಸ್ಕ್, ಇಲ್ಲದಿದ್ದಾಗ ಬೇಡ ಎಂಬುದು ಜನರ ತಲೆಯಲ್ಲಿ ಕೂತಿದೆ. ಆದರೆ ಕ್ಷಯ ಟಿವಿ ನೋಡಿಕೊಂಡು ಬರುವುದಿಲ್ಲ.

ಮೊದಲು ಎಣಿಕೆಯ ವಿಷಯ. ಬಹಳಷ್ಟು ಕಡೆ ಸೆಕ್ಯುರಿಟಿಯವರ ಲೆಕ್ಕವನ್ನೇ ವರದಿಗೆ ಹಾಕುತ್ತಾರೆ. ಸೆಕ್ಯುರಿಟಿ ಕಂಡ ತಕ್ಷಣ ಜೇಬಿನಿಂದ ಮಾಸ್ಕ್ ಹೊರಬರುತ್ತದೆ, ಹತ್ತು ಹೆಜ್ಜೆ ದಾಟಿದ ಮೇಲೆ ಗದ್ದಕ್ಕೆ ಇಳಿಯುತ್ತದೆ. ಹಾಗಾಗಿ ಎಣಿಸಬೇಕಾದ್ದು ಒಳಗಡೆ, ಔಷಧಿ ಕೌಂಟರ್ ಅಥವಾ ಲ್ಯಾಬಿನ ರಕ್ತ ತೆಗೆಯುವ ಜಾಗದ ಹತ್ತಿರ. ನೆಲದ ಟೈಲ್ಸಿನ ಒಂದು ಗೆರೆಯನ್ನು ಗುರುತು ಮಾಡಿಕೊಂಡು, ಅದನ್ನು ದಾಟುವ ಪ್ರತಿಯೊಬ್ಬರನ್ನೂ ಒಂದೇ ಸಲ ನೋಡಿ ಗೀಟು ಹಾಕಬೇಕು. ಕೂತವರನ್ನು ಎಣಿಸಲು ಹೋದರೆ ಒಬ್ಬರೇ ಎರಡು ಸಲ ಸೇರುತ್ತಾರೆ. ಒಂದು ಜಾಗಕ್ಕೆ 100 ಜನವಾದರೂ ಆಗಬೇಕು. ಕಡಿಮೆಯಾದರೆ ಒಂದು ಮನೆಯವರು ನಾಲ್ಕು ಜನ ಒಟ್ಟಿಗೆ ಬಂದರೂ ಶೇಕಡಾವಾರು ಅಲ್ಲಾಡುತ್ತದೆ. ಸೋಮವಾರ ಬೆಳಗಿನ ನೂಕುನುಗ್ಗಲಿನಲ್ಲಿ ಒಂದು ಸಲ, ವಾರದ ನಡುವಿನ ಮಧ್ಯಾಹ್ನ ಇನ್ನೊಂದು ಸಲ ಎಣಿಸಿದರೆ ಸಾಕು. ಕೈಯಲ್ಲಿ ಪ್ಯಾಡ್ ಹಿಡಿದ ಸಿಸ್ಟರ್ ಕಂಡರೆ ಸಿಬ್ಬಂದಿಯ ಮಾಸ್ಕ್‌ಗಳೆಲ್ಲ ಒಟ್ಟಿಗೆ ಮೇಲೇರುತ್ತವೆ. ಫೋನ್ ನೋಡುತ್ತಿರುವಂತೆ ಕಾಣುವುದೇ ವಾಸಿ.

ಗೀಟು ಹಾಕಲು ಐದು ಕಾಲಂ ಬೇಕು: ಮೂಗು-ಬಾಯಿ ಎರಡೂ ಮುಚ್ಚಿದವರು, ಮೂಗು ಹೊರಗಿರುವವರು, ಗದ್ದದಲ್ಲಿ ಇಟ್ಟುಕೊಂಡವರು, ಸೆರಗು-ಟವೆಲ್ ಅಡ್ಡ ಹಿಡಿದವರು, ಏನೂ ಇಲ್ಲದವರು. ಸೆರಗಿನ ಕಾಲಂ ಬಿಡಬೇಡಿ. ಅವರಿಗೆ ಮುಚ್ಚಿಕೊಳ್ಳುವ ಮನಸ್ಸಿದೆ, ಕೈಯಲ್ಲಿ ಮಾಸ್ಕ್ ಇಲ್ಲ. ಕೊಟ್ಟರೆ ಮೊದಲು ಹಾಕಿಕೊಳ್ಳುವವರು ಅವರೇ. 100 ಜನರಲ್ಲಿ 34 ಮಂದಿ ಸರಿಯಾಗಿ, 21 ಮಂದಿ ಮೂಗು ಬಿಟ್ಟು, 18 ಮಂದಿ ಗದ್ದದಲ್ಲಿ, 5 ಮಂದಿ ಸೆರಗಿನಲ್ಲಿ ಇದ್ದಾರೆ ಅಂದುಕೊಳ್ಳಿ. ವರದಿಯಲ್ಲಿ ಮೊದಲ ಮೂರನ್ನೂ ಕೂಡಿಸಿ ‘ಶೇ. 73 ಮಾಸ್ಕ್ ಪಾಲನೆ’ ಎಂದು ಹೋಗುತ್ತದೆ, ಆಡಳಿತ ಮಂಡಳಿಗೆ ಸಮಾಧಾನ. ಕೆಲಸಕ್ಕೆ ಬರುವ ಸಂಖ್ಯೆ 34 ಮಾತ್ರ.

ಮಾಸ್ಕ್ ಎಲ್ಲಿ ಕೆಳಗಿಳಿಯುತ್ತದೆ ಎಂದು ನೋಡಿದರೆ ಹೆಚ್ಚಿನ ಸಲ ಮಾತಾಡುವ ಜಾಗದಲ್ಲಿ. ಹೊರರೋಗಿಗಳ (ಒಪಿಡಿ) ಚೀಟಿ ಮಾಡಿಸುವ ಕೌಂಟರ್ ಎಲ್ಲಕ್ಕಿಂತ ಕೆಟ್ಟದು. ಕೋವಿಡ್ ಕಾಲದಲ್ಲಿ ಗಾಜು ಕೂರಿಸಿದರು, ದುಡ್ಡು ಕೊಡುವ ಕಿಂಡಿ ಮಾತ್ರ ಕೆಳಗೆ ಬಿಟ್ಟರು. ಹೆಸರು, ವಯಸ್ಸು, ಫೋನ್ ನಂಬರ್ ಗಾಜಿನಾಚೆ ಕೇಳಿಸುವುದಿಲ್ಲ. ಒಳಗಿನವರು “ಜೋರಾಗಿ ಹೇಳಿ ಅಮ್ಮ” ಅನ್ನುತ್ತಾರೆ. ಆಕೆ ಮಾಸ್ಕ್ ಎಳೆದು, ಬಗ್ಗಿ, ಕಿಂಡಿಗೇ ಬಾಯಿಟ್ಟು ಹೇಳುತ್ತಾರೆ. ಕೆಮ್ಮು ಬಂದರೆ ಗುಮಾಸ್ತರ ಕೈಮೇಲೆ, ನೋಟಿನ ಮೇಲೆ, ಕೀಬೋರ್ಡ್ ಮೇಲೆ. ಇದಕ್ಕೆ ಪೋಸ್ಟರ್ ಮದ್ದಲ್ಲ. ನಿಂತವರ ಬಾಯಿಯ ಮಟ್ಟಕ್ಕೆ ಎರಡೂ ಕಡೆ ಕೇಳುವ ಮೈಕ್-ಸ್ಪೀಕರ್ ಹಾಕಿಸಬೇಕು, ಇಲ್ಲದಿದ್ದರೆ ಹೆಸರು-ನಂಬರ್ ಬರೆದುಕೊಡಲು ಒಂದು ಚೀಟಿ, ದಾರ ಕಟ್ಟಿದ ಪೆನ್ ಇಡಬೇಕು. ಹೆಸರು ಕೂಗುವ ಬದಲು ಟೋಕನ್ ಬೋರ್ಡ್ ಇದ್ದರೆ ಕೂಗಾಟವೂ ತಗ್ಗುತ್ತದೆ. ಕಿವಿ ಮಂದವಾದ ಅಜ್ಜ-ಅಜ್ಜಿಯರು ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಅವರ ಮುಂದೆ ಮಾಸ್ಕ್ ತೆಗೆಯುವ ಬದಲು ದಪ್ಪಕ್ಷರದಲ್ಲಿ ಬರೆದು ತೋರಿಸುವುದು ಮೇಲು.

ಇನ್ನು ಕಿವಿ. ಶ್ರವಣ ಸಾಧನ ಹಾಕುವವರಿಗೆ ಕಿವಿಗೆ ಸಿಕ್ಕಿಸುವ ಎಲಾಸ್ಟಿಕ್ ಬೇಡವೇ ಬೇಡ, ತೆಗೆಯುವಾಗ ಸಾಧನವೂ ಕಿತ್ತು ಬೀಳುತ್ತದೆ. ಜುಮುಕಿ, ಮಾಟಿ ಹಾಕಿದವರಿಗೂ ಅದೇ ತೊಂದರೆ. ತಲೆಯ ಹಿಂದೆ ಗಂಟು ಹಾಕುವ ದಾರದ ಮಾಸ್ಕ್ ಒಂದು ಪೆಟ್ಟಿಗೆ ಪ್ರತಿ ಕೌಂಟರಿನಲ್ಲೂ ಇರಲಿ. ಕನ್ನಡಕದವರು ಮಂಜು ಕಟ್ಟುತ್ತದೆ ಎಂದು ಮೂಗು ಹೊರಗೆ ಬಿಡುತ್ತಾರೆ. ಮೇಲಂಚಿನ ತಂತಿಯನ್ನು ಮೂಗಿನ ಎರಡೂ ಬದಿ ಒತ್ತಿ, ಕನ್ನಡಕವನ್ನು ಮಾಸ್ಕ್ ಮೇಲೆ ಕೂರಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ಎಲ್ಲರಿಗೂ ಎಲ್ಲ ಕಡೆ ಮಾಸ್ಕ್ ಎಂಬ ಹಠ ಬಿಟ್ಟರೆ ಮಾತ್ರ ಬೇಕಾದ ಕಡೆ ಅದು ಉಳಿಯುತ್ತದೆ ಎಂಬುದು ಈ ಕೆಲಸದಲ್ಲಿ ಖಚಿತವಾದ ಮಾತು. ಬೇಕಾದ ಕಡೆ ಅಂದರೆ ಮೊದಲು ಕೆಮ್ಮುವವರ ಬಾಯಿ. ಚೀಟಿ ಕೌಂಟರಿನಲ್ಲೇ ಕೆಮ್ಮು ಇದೆಯಾ, ಎಷ್ಟು ದಿನದಿಂದ, ಜ್ವರ ಅಥವಾ ತೂಕ ಇಳಿಕೆ ಇದೆಯಾ ಎಂದು ಕೇಳಬೇಕು. ಕೆಮ್ಮು ಇದ್ದರೆ ಅಲ್ಲೇ ಮೂರು ಪದರದ (ಸರ್ಜಿಕಲ್) ಮಾಸ್ಕ್ ಕೈಗೆ ಕೊಡಬೇಕು. ಎರಡು ವಾರ ಮೀರಿದ್ದರೆ ಕಫ ಪರೀಕ್ಷೆಗೆ ಕಳಿಸಬೇಕು, ಸಾಲಿನಲ್ಲಿ ಕಾಯಿಸದೆ ಮುಂದೆ ಬಿಡಬೇಕು, ಅಲ್ಲಿಯವರೆಗೆ ಗಾಳಿ ಹೊರಹೋಗುವ ಕಿಟಕಿಯ ಪಕ್ಕ ಕೂರಿಸಬೇಕು. ಫ್ಯಾನ್ ಯಾವ ದಿಕ್ಕಿಗೆ ತಿರುಗಿದೆ ನೋಡಿ. ರೋಗಿಯ ಹಿಂದಿನಿಂದ ಬೀಸಿದ ಗಾಳಿ ಸಾಲಿನ ಕಡೆ ಹೋಗುತ್ತಿದ್ದರೆ ಕಿಟಕಿ ಇದ್ದೂ ಇಲ್ಲದಂತೆ. ನೆಗಡಿ ಕೆಮ್ಮಿನವರಿಗೂ ಇದೇ ಮಾಸ್ಕ್ ಕೊಡಬೇಕು. ಕ್ಷಯದ ಅನುಮಾನ ಇರುವವರಿಗೆ ಮಾತ್ರ ಕೊಟ್ಟರೆ ಅದು ಹಣೆಪಟ್ಟಿಯಾಗುತ್ತದೆ, ಮುಂದಿನ ಸಲ ಅವರು ಕೆಮ್ಮು ಇಲ್ಲ ಅನ್ನುತ್ತಾರೆ. “ರೂಲ್ಸ್ ಇದೆ” ಅಂದರೆ ಈಗ ವಾದ ಶುರುವಾಗುತ್ತದೆ. “ಪಕ್ಕದಲ್ಲಿ ಪಾಪು ಇದೆ ಯಜಮಾನ್ರೇ, ಸ್ವಲ್ಪ ಹೊತ್ತು ಹಾಕ್ಕೊಳ್ಳಿ” ಅಂದರೆ ಬಹುತೇಕರು ಹಾಕುತ್ತಾರೆ. ಐದು ವರ್ಷದವರೆಗಿನ ಆ ಪಾಪುವಿಗೆ ಮಾಸ್ಕ್ ಬೇಡ ಎಂದು ಕೇಂದ್ರದ ಮಾರ್ಗಸೂಚಿಯೇ ಹೇಳಿದೆ. ಅದಕ್ಕಾಗಿಯೇ ದೊಡ್ಡವರು ಹಾಕಬೇಕಾದ್ದು.

ಲೆಕ್ಕವೂ ಸುಲಭ. ದಿನಕ್ಕೆ 400 ಜನ ಬರುವ ಒಪಿಡಿಯಲ್ಲಿ ಹತ್ತಕ್ಕೊಬ್ಬರಿಗೆ ಕೆಮ್ಮಿದ್ದರೆ 40, ಜೊತೆಗೆ ಬಂದವರಿಗೆ ಒಂದೊಂದರಂತೆ 80. ಐವತ್ತರ ಪೆಟ್ಟಿಗೆ ಎರಡು. ಎಲ್ಲರಿಗೂ ಹಂಚಲು ಹೋಗಿ ತಿಂಗಳಿಗೆಂದು ಸ್ಟೋರಿನಿಂದ ತರಿಸಿದ್ದನ್ನು ಹತ್ತು ದಿನಕ್ಕೆ ಮುಗಿಸಿ, ಆಮೇಲೆ ಕೆಮ್ಮುವವರಿಗೂ ಇಲ್ಲ ಎನ್ನುವುದಕ್ಕಿಂತ ಇದು ಮೇಲು.

ಆಮೇಲೆ ವರ್ಷಪೂರ್ತಿ ಬಿಡಬಾರದ ಜಾಗಗಳು: ಕಿಮೋಥೆರಪಿ ಡೇ ಕೇರ್, ಡಯಾಲಿಸಿಸ್, ಐಸಿಯು, ನವಜಾತ ಶಿಶು ಘಟಕ, ಕ್ಷಯದ ವಾರ್ಡ್. ಐಸಿಯು ಭೇಟಿ ಸಮಯದಲ್ಲಿ ಆಗುವ ಒಂದು ಎಡವಟ್ಟು ಎಲ್ಲ ಕಡೆಯದೂ ಹೌದು. ಒಳಗೆ ಒಬ್ಬರಿಗೆ ಮಾತ್ರ ಬಿಡುತ್ತಾರೆ, ಹೊರಬಂದವರು ಅದೇ ಮಾಸ್ಕ್ ಕಳಚಿ ತಮ್ಮನಿಗೆ ಕೊಡುತ್ತಾರೆ, ತಮ್ಮ ಅದನ್ನೇ ಹಾಕಿಕೊಂಡು ಹೋಗುತ್ತಾನೆ. ಮಾಸ್ಕ್ ಪೆಟ್ಟಿಗೆ ಕೆಳಗಿನ ಅಂಗಡಿಯಲ್ಲಿದ್ದರೆ ಹೀಗೇ ಆಗುವುದು. ಪೆಟ್ಟಿಗೆ ಐಸಿಯು ಬಾಗಿಲ ಹೊರಗೆ, ಕಾಲಲ್ಲಿ ಒತ್ತಿ ತೆರೆಯುವ ಹಳದಿ ಡಬ್ಬಿ ಬಾಗಿಲ ಒಳಗೆ, ಹೊರಬರುವ ದಾರಿಯಲ್ಲೇ ಇರಬೇಕು. ಆಸ್ಪತ್ರೆಯೊಳಗೆ ಬಳಸಿದ ಮಾಸ್ಕ್ ಹೋಗಬೇಕಾದ್ದು ಹಳದಿ ಚೀಲಕ್ಕೇ, ಗ್ಲೌಸ್ ಹಾಕುವ ಕೆಂಪು ಚೀಲಕ್ಕಲ್ಲ.

ಎನ್95 ಎಲ್ಲಿ ಬೇಕೋ ಅಲ್ಲಿ ಇರಲಿ, ಅಂದರೆ ಕ್ಷಯದ ವಾರ್ಡ್, ಕಫ ತೆಗೆಯುವ ಜಾಗ, ಉಸಿರಾಟಕ್ಕೆ ಗಂಟಲೊಳಗೆ ಟ್ಯೂಬ್ ಹಾಕುವಾಗ. ಅದನ್ನು ಸಿಬ್ಬಂದಿ ಹಾಕಬೇಕು. ರೋಗಿಗೆ ಮೂರು ಪದರದ್ದೇ ಸಾಕು, ಉಸಿರಾಟ ಕಷ್ಟವಿರುವವರಿಗೆ ಎನ್95 ಹಿಂಸೆ. 0.3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಶೇ. 95 ತಡೆಯುವ ಸಾಮರ್ಥ್ಯ ಎನ್95ರ ಸೋಸುವ ಪದರದ್ದು ಮಾತ್ರ. ಅಂಚಿನಲ್ಲಿ ಸಂದಿ ಇದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಮೇಲಿನ ಪಟ್ಟಿ ನೆತ್ತಿಯ ಹಿಂದೆ, ಕೆಳಗಿನದು ಕಿವಿಯ ಕೆಳಗೆ ಕತ್ತಿಗೆ. ಎರಡನ್ನೂ ಕತ್ತಿನಲ್ಲೇ ಬಿಡುವ ಅಭ್ಯಾಸ ತುಂಬ ಇದೆ. ಮೂಗಿನ ತಂತಿಯನ್ನು ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಗೋಪುರ ಎದ್ದು ಸಂದಿಯಾಗುತ್ತದೆ. ಎರಡೂ ಕೈಯ ಬೆರಳುಗಳಿಂದ ಮಧ್ಯದಿಂದ ಬದಿಗೆ ಒತ್ತುತ್ತ ಹೋಗಬೇಕು. ಆಮೇಲೆ ಎರಡು ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಟ್ಟು, ಕಣ್ಣಿನ ಹತ್ತಿರ ಗಾಳಿ ತಾಗುತ್ತದಾ ನೋಡಬೇಕು. ಗಡ್ಡವಿದ್ದರೆ ಸೀಲ್ ಆಗುವುದಿಲ್ಲ, ಒಳಗೆ ಇನ್ನೊಂದು ಸರ್ಜಿಕಲ್ ಮಾಸ್ಕ್ ಹಾಕಿಕೊಂಡರೂ ಆಗುವುದಿಲ್ಲ. ವಾಲ್ವ್ ಇರುವುದನ್ನು ಕೊಳ್ಳಲೇಬೇಡಿ, ಹಾಕಿದವರ ಉಸಿರು ಸೋಸದೆ ಹೊರಬರುತ್ತದೆ. ಒಗೆದರೆ ಅಥವಾ ಸ್ಯಾನಿಟೈಸರ್ ಸಿಂಪಡಿಸಿದರೆ ನಡುವಿನ ಪದರದ ವಿದ್ಯುತ್ ಆವೇಶ ಹೋಗುತ್ತದೆ, ಮಾಸ್ಕ್ ಹೊರನೋಟಕ್ಕೆ ಹೊಸದರಂತೆಯೇ ಇರುತ್ತದೆ. ಬಿಚ್ಚುವಾಗ ಮೊದಲು ಕೆಳಗಿನ ಪಟ್ಟಿ.

ಮೂರು ಪದರದ್ದರಲ್ಲಿ ಬಣ್ಣದ ಬದಿ ಹೊರಗೆ, ಮಡಿಕೆ ಕೆಳಮುಖ. ಆರೋಗ್ಯವಂತರು ಬಿಳಿ ಬದಿ ಹೊರಗೆ ಹಾಕಬೇಕು ಎಂಬ ವಾಟ್ಸಾಪ್ ಮಾತು ಶುದ್ಧ ಸುಳ್ಳು. ಒದ್ದೆಯಾದ ತಕ್ಷಣ ಬದಲಿಸಬೇಕು.

ಸಿಬ್ಬಂದಿಯದ್ದು ಬೇರೆಯೇ ಕಥೆ. ರೋಗಿಯ ಮುಂದೆ ಹಾಕುತ್ತಾರೆ, ಶಿಫ್ಟ್ ಹ್ಯಾಂಡ್‌ಓವರ್‌ನಲ್ಲಿ, ಡ್ಯೂಟಿ ರೂಮಿನ ಟೀ ಹೊತ್ತಿನಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿ ತೆಗೆಯುತ್ತಾರೆ. ಒಬ್ಬರಿಗೆ ಜ್ವರ ಬಂದರೆ ಇಡೀ ಶಿಫ್ಟ್ ಮಲಗುವುದು ಅಲ್ಲಿಂದ. ಅಲ್ಲಿ ಮಾಸ್ಕ್‌ಗಿಂತ ಕಿಟಕಿ ತೆರೆಸುವುದು ಸುಲಭ, ಜ್ವರ ಇರುವವರಿಗೆ ರಜೆ ಕೊಡಿಸುವುದು ಕಷ್ಟ. ಎರಡೂ ಬೇಕು.

ಫ್ಲೂ ನಮ್ಮಲ್ಲಿ ಜನವರಿಯಿಂದ ಮಾರ್ಚ್ ಮತ್ತು ಮಳೆಗಾಲದ ನಂತರ ಏರುತ್ತದೆ. ಒಪಿಡಿ ರಿಜಿಸ್ಟರಿನಲ್ಲಿ ಜ್ವರ-ಕೆಮ್ಮಿನವರ ಪಾಲು ಎರಡು ವಾರ ಸತತವಾಗಿ ಏರಿದರೆ ಎಲ್ಲ ವಾರ್ಡ್‌ಗಳಿಗೂ ಮಾಸ್ಕ್ ವಿಸ್ತರಿಸಿ, ಇಳಿದ ಮೇಲೆ ತೆಗೆಯಿರಿ. ನೋಟಿಸ್‌ನಲ್ಲಿ ಶುರುವಿನ ದಿನಾಂಕದ ಜೊತೆ ಮತ್ತೆ ಪರಿಶೀಲಿಸುವ ದಿನಾಂಕವೂ ಇರಲಿ. 2021ರಿಂದ ಗೋಡೆಗೆ ಅಂಟಿ ಬಣ್ಣಗೆಟ್ಟಿರುವ ‘ಮಾಸ್ಕ್ ಇಲ್ಲದೆ ಪ್ರವೇಶವಿಲ್ಲ’ ಹಾಳೆಗಳನ್ನು ಅದಕ್ಕೂ ಮೊದಲೇ ಕಿತ್ತುಹಾಕಿ. ಅದರ ಕೆಳಗೇ ಬರಿ ಮುಖದಲ್ಲಿ ಓಡಾಡಿ ರೂಢಿಯಾದವರು ಡಯಾಲಿಸಿಸ್ ಬಾಗಿಲಿನ ಹೊಸ ನೋಟಿಸನ್ನೂ ಓದುವುದಿಲ್ಲ.