ಅಡುಗೆ ಕಾರ್ಡುಗಳ ಅಳತೆ: ಕೆಲಸ ಎಲ್ಲಿಗೆ ಬಂತು

ಮನೆಯವರ ಅಡುಗೆ ಟಿಪ್ಪಣಿಗಳನ್ನು ಒಂದು ವೆಬ್ ಪುಟಕ್ಕೆ ಹಾಕುವ ಕೆಲಸ ನಿಧಾನಕ್ಕೆ ಸಾಗಿದೆ. ಒಂದೊಂದು ಅಡುಗೆಗೆ ಒಂದೊಂದು ಕಾರ್ಡ್. ಮೊದಲು ಕೆಲವು ಸಾಲು ಮಾತ್ರ ಕಾಣಬೇಕು, ಕಾರ್ಡಿನ ಕೆಳಗಿರುವ ‘ಪೂರ್ತಿ ನೋಡಿ’ ಒತ್ತಿದರೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು. ಕೋಸಂಬರಿಯಂಥ ಚುಟುಕು ಅಡುಗೆಗೆ ಆ ಬಟನ್ನೇ ಬೇಡ. ಈ ಸಲದ ಸಮಯವೆಲ್ಲ ಜಾವಾಸ್ಕ್ರಿಪ್ಟ್‌ನಲ್ಲಿ (ವೆಬ್ ಪುಟದ ಪ್ರೋಗ್ರಾಂ ಭಾಷೆ) ಕಾರ್ಡುಗಳ ಅಳತೆ ತೆಗೆಯುವುದಕ್ಕೇ ಹೋಯಿತು.

ಅಗಲದ ವಿಷಯ ಬೇಗ ಮುಗಿಯಿತು. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಅಗಲ 320 ಪಿಕ್ಸೆಲ್, ಪ್ರತಿ ಬದಿಗೆ ಪ್ಯಾಡಿಂಗ್ (ಒಳಗಿನ ಖಾಲಿ ಅಂಚು) 16, ಬಾರ್ಡರ್ (ಸುತ್ತಿನ ಗೆರೆ) 1. ಅಗಲದಲ್ಲಿ ಏನೇನು ಸೇರಬೇಕು ಅಂತ ಹೇಳುವ ಬಾಕ್ಸ್‌ಸೈಜಿಂಗ್ ಮುಟ್ಟದೆ ಬಿಟ್ಟರೆ, ಬಾರ್ಡರನ್ನೂ ಸೇರಿಸಿ ಅಳೆಯುವ ಆಫ್‌ಸೆಟ್‌ವಿಡ್ತ್ 354 ಹೇಳುತ್ತದೆ, ಬಾರ್ಡರ್ ಬಿಟ್ಟು ಅಳೆಯುವ ಕ್ಲೈಂಟ್‌ವಿಡ್ತ್ 352. ಪ್ಯಾಡಿಂಗ್, ಬಾರ್ಡರ್ ಎರಡನ್ನೂ ಆ 320ರೊಳಗೇ ಸೇರಿಸುವ ಬಾರ್ಡರ್‌ಬಾಕ್ಸ್ ಹಾಕಿದರೆ 320 ಮತ್ತು 318. ಲೆಕ್ಕಕ್ಕೆ ಇದೇ ಸಲೀಸು, ಅದನ್ನೇ ಇಟ್ಟುಕೊಂಡೆ. ಸ್ಟೈಲ್‌ ಡಾಟ್ ವಿಡ್ತ್ ಕೇಳಿದರೆ ಖಾಲಿ ಸ್ಟ್ರಿಂಗ್ ಬರುತ್ತದೆ. ಟ್ಯಾಗಿನೊಳಗೇ ಬರೆದದ್ದು ಬಿಟ್ಟು ಬೇರೇನೂ ಅದಕ್ಕೆ ಕಾಣುವುದಿಲ್ಲ.

ಮೌಸ್ ಇಟ್ಟಾಗ ಕಾರ್ಡ್ 1.03 ಪಟ್ಟು ದೊಡ್ಡದಾಗುವಂತೆ ಸ್ಕೇಲ್ ಹಾಕಿದ್ದೇನೆ. ಆಗ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ 329.6 ಕೊಡುತ್ತದೆ, ಆಫ್‌ಸೆಟ್‌ವಿಡ್ತ್ ಮಾತ್ರ 320ರಿಂದ ಅಲ್ಲಾಡುವುದಿಲ್ಲ. ಒಂದು ಕಣ್ಣಿಗೆ ಕಾಣುವ ಅಳತೆ, ಇನ್ನೊಂದು ಲೇಔಟ್‌ನಲ್ಲಿ, ಅಂದರೆ ಪುಟದ ಜೋಡಣೆಯಲ್ಲಿ, ಹಿಡಿದಿರುವ ಜಾಗ. ನನಗೆ ಬೇಕಿರುವುದು ಎರಡನೆಯದು.

ನಿಜವಾದ ಕೆಲಸ ಎತ್ತರದ್ದು. ಮುಚ್ಚಿದ ಕಾರ್ಡಿಗೆ 140 ಪಿಕ್ಸೆಲ್ ಎತ್ತರ ಕೊಟ್ಟು ಓವರ್‌ಫ್ಲೋ ಹಿಡನ್ ಮಾಡಿದೆ, ಅಂದರೆ ಮಿಕ್ಕಿದ್ದು ಕಾಣುವುದಿಲ್ಲ. ಸ್ಕ್ರಾಲ್‌ಹೈಟ್ ಅನ್ನುವುದು ಒಳಗೆ ಅಡಗಿರುವುದನ್ನೂ ಸೇರಿಸಿ ಹೇಳುವ ಎತ್ತರ. ಅದು ಕ್ಲೈಂಟ್‌ಹೈಟ್‌ಗಿಂತ ಜಾಸ್ತಿ ಇದ್ದರೆ ಮಾತ್ರ ಬಟನ್. ಬಿಸಿಬೇಳೆ ಬಾತ್ ಕಾರ್ಡಿನಲ್ಲಿ 612 ಬಂತು. ಆದರೆ ಸುಮ್ನೆ 612 ಕೊಟ್ಟರೆ ಕೊನೆಯಲ್ಲಿ 2 ಪಿಕ್ಸೆಲ್ ಕಡಿಮೆ ಬೀಳುತ್ತದೆ. ಸ್ಕ್ರಾಲ್‌ಹೈಟ್‌ಗೆ ಬಾರ್ಡರ್ ಲೆಕ್ಕವಿಲ್ಲ, ಬಾರ್ಡರ್‌ಬಾಕ್ಸ್ ಎತ್ತರಕ್ಕೆ ಇದೆ. ಹಾಗಾಗಿ ಆಫ್‌ಸೆಟ್‌ಹೈಟ್‌ನಿಂದ ಕ್ಲೈಂಟ್‌ಹೈಟ್ ಕಳೆದು ಅದಕ್ಕೆ ಕೂಡಿಸುತ್ತೇನೆ. 614. ಜೊತೆಗೆ ‘ಪಿಎಕ್ಸ್’ ಅಂಟಿಸಲೇಬೇಕು. ಬರೀ ಸಂಖ್ಯೆ ಕೊಟ್ಟರೆ ಬ್ರೌಸರ್ ತುಟಿಪಿಟಕ್ ಅನ್ನದೆ ಬಿಟ್ಟುಬಿಡುತ್ತದೆ.

ಬಿಚ್ಚಿದ ಮೇಲೆ, ಅನಿಮೇಷನ್ ಮುಗಿಯಿತು ಅನ್ನುವ ಟ್ರಾನ್ಸಿಷನ್‌ಎಂಡ್ ಸೂಚನೆ ಬಂದಾಗ, ಎತ್ತರವನ್ನು ಆಟೋ (ಒಳಗಿದ್ದಷ್ಟೇ ಎತ್ತರ) ಮಾಡುತ್ತೇನೆ. ಇಲ್ಲದಿದ್ದರೆ ಫೋನ್ ಅಡ್ಡ ಹಿಡಿದಾಗ ಹಳೇ 614 ಹಾಗೇ ಉಳಿದು ಕೆಳಗೆ ಖಾಲಿ ಜಾಗ. ಮುಚ್ಚುವಾಗ ಉಲ್ಟಾ: ಆಟೋದಿಂದ ನೇರ 140ಕ್ಕೆ ಇಳಿಸಿದರೆ ಅನಿಮೇಷನ್ ಓಡುವುದಿಲ್ಲ. ಮೊದಲು ಈಗಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬರೆದು, ಆಫ್‌ಸೆಟ್‌ಹೈಟ್ ಒಮ್ಮೆ ಓದಿ, ಆಮೇಲೆ 140 ಬರೆಯಬೇಕು. ಆ ನಡುವಿನ ಓದು ದಂಡ ಅಲ್ಲ, ಬ್ರೌಸರ್ ಆಗಲೇ ಲೇಔಟ್ ಲೆಕ್ಕ ಹಾಕಲಿ ಅಂತ. 2024ರ ಕ್ರೋಮ್ 129ರಲ್ಲಿ, ಆಟೋ ಎತ್ತರಕ್ಕೂ ಅನಿಮೇಷನ್ ಓಡಿಸುವ ಇಂಟರ್ಪೊಲೇಟ್‌ಸೈಜ್ ಬಂದು, ಈ ಸರ್ಕಸ್ ಸಿಎಸ್‌ಎಸ್‌ನಲ್ಲೇ ಮುಗಿಯುವ ದಾರಿ ಆಗಿದೆ. ಅದನ್ನೇ ನಂಬಿ ಕೂರುವ ಧೈರ್ಯ ನನಗಿನ್ನೂ ಇಲ್ಲ.

ಇನ್ನು ಕನ್ನಡದ್ದೇ ತಕರಾರು. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಇಳಿದು ಬರುವ ಮುಂಚೆ ಅಳೆದರೆ ಆ ಅಳತೆ ಬೇರೆ ಫಾಂಟಿನದು. ಫಾಂಟ್ ಬಂದ ಮೇಲೆ ಸಾಲುಗಳು ಬೇರೆ ಕಡೆ ಮುರಿಯುತ್ತವೆ, ಎತ್ತರವೂ ಬದಲು. ಹಾಗಾಗಿ ಡಾಕ್ಯುಮೆಂಟ್ ಡಾಟ್ ಫಾಂಟ್ಸ್ ಡಾಟ್ ರೆಡಿ ಆಗುವ ತನಕ ಕಾಯುತ್ತೇನೆ. ಲೈನ್‌ಹೈಟ್ (ಸಾಲಿನ ಎತ್ತರ) ಕೂಡ ಹಾಗೇ. ‘ಉಷ್ಟ್ರ’ದಂಥ ಜೋಡಿ ಒತ್ತು ತುಂಬ ಕೆಳಗಿಳಿಯುತ್ತದೆ, ಬಿಗಿ ಸಾಲಿನಲ್ಲಿ ಕೆಳಗಿನ ಸಾಲಿಗೆ ತಾಗುತ್ತದೆ. 1.7 ಇಟ್ಟ ಮೇಲೆ ಓದಲು ಹಾಯಾಗಿದೆ.

ಪರದೆಯ ಅಗಲ ಬದಲಾದರೆ ಬಟನ್ ಬೇಕೋ ಬೇಡವೋ ಅನ್ನುವುದನ್ನು ರಿಸೈಜ್‌ಅಬ್ಸರ್ವರ್ ನೋಡಿಕೊಳ್ಳುತ್ತಿದೆ. ಒಳಗಿನ ಲೂಪ್ ಮಾತ್ರ ತಿದ್ದಬೇಕು. ಈಗ ಒಂದು ಕಾರ್ಡ್ ಅಳೆದು, ಅದಕ್ಕೆ ಬಟನ್ ಹಾಕಿ, ಮುಂದಿನದಕ್ಕೆ ಹೋಗುತ್ತಿದೆ. ಪ್ರತಿ ಸಲವೂ ಬ್ರೌಸರ್‌ಗೆ ಲೇಔಟ್ ಹೊಸದಾಗಿ ಹಾಕುವ ಕೆಲಸ. ಎಲ್ಲವನ್ನೂ ಮೊದಲು ಅಳೆದು, ಬದಲಾವಣೆಗಳನ್ನು ಆಮೇಲೆ ಒಟ್ಟಿಗೆ ಮಾಡುವ ಹಾಗೆ ಬರೆಯುವುದು ಮುಂದಿನ ಕೆಲಸ. ಅದಾದ ಮೇಲೆ ಉಪ್ಪಿನಕಾಯಿಗಳನ್ನು ಸೇರಿಸಬೇಕು.