ಯಾವ ಸೆಟ್ ತಗೊಳ್ಳಲಿ ಸರ್?

"ಇದುವರೆಗೆ ಏನೇನು ಕೇಳಿಸಿಕೊಂಡಿದ್ದೀಯಮ್ಮಾ?"

ಈ ವಾರ ಪೂರ್ತಿ ಈ ಮಾತು ನನ್ನ ತಲೆಯಲ್ಲೇ ಸುತ್ತುತ್ತಿದೆ. ಅಂದವರು ನಮ್ಮ ಗುಂಪಿನ ಹಿರಿಯ ಹ್ಯಾಮ್, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವವರು. ನಾವೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇವೆ. ಅಂದದ್ದು ನನ್ನ ಅಕ್ಕನ ಮಗಳಿಗೆ. ಅವಳು ಒಂದಷ್ಟು ರೇಡಿಯೋ ಸೆಟ್‌ಗಳ ಹೆಸರು ಬರೆದುಕೊಂಡು ಬಂದಿದ್ದಳು. "ಇದರಲ್ಲಿ ಯಾವುದು ತಗೊಳ್ಳಲಿ ಸರ್?" ಎಂದಳು. ಮೇಷ್ಟ್ರು ಆ ಪಟ್ಟಿಯನ್ನು ನೋಡಲೇ ಇಲ್ಲ. ತಿರುಗಿ ಇದನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು.

ಪಕ್ಕದಲ್ಲಿದ್ದ ಇನ್ನೊಬ್ಬರು ಬಾಯಿ ಹಾಕಿದರು. "ಮೊದಲು ಮೋರ್ಸ್ ಕಲಿ, ಮಿಕ್ಕಿದ್ದೆಲ್ಲ ಆಮೇಲೆ." ಇಂಥವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಚುಕ್ಕಿ-ಗೆರೆಗಳ ಆ ಮೋರ್ಸ್ ಸಂಕೇತ ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಎಲ್ಲ ದೇಶಗಳಿಗೂ ಕಡ್ಡಾಯ ಮಾಡಿದ್ದ ನಿಯಮ 2003ರ ವಿಶ್ವ ರೇಡಿಯೋ ಸಮ್ಮೇಳನದಲ್ಲೇ ಹೋಯಿತು. ಈಗ ಬೇಕೋ ಬೇಡವೋ ಆಯಾ ದೇಶಕ್ಕೆ ಬಿಟ್ಟದ್ದು. ಹೊಸಬರನ್ನು ಮೊದಲ ದಿನವೇ ಹೆದರಿಸಿದರೆ ಯಾರು ಉಳಿಯುತ್ತಾರೆ?

ಮೇಷ್ಟ್ರ ರೀತಿಯೇ ಬೇರೆ. ಅವಳ ಫೋನ್ ಇಸಿದುಕೊಂಡು ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ, ಇಂಟರ್ನೆಟ್‌ನಲ್ಲಿ ಕೇಳುವ ರೇಡಿಯೋ ರಿಸೀವರ್ ಆದ ವೆಬ್‌ಎಸ್‌ಡಿಆರ್ ತೆರೆದರು. ಅಲ್ಲಿನ ಆಂಟೆನಾಕ್ಕೆ ಬರುವ ಸಿಗ್ನಲ್ಲನ್ನು ಯಾರು ಬೇಕಾದರೂ ಕೂತಲ್ಲೇ ಟ್ಯೂನ್ ಮಾಡಿ ಕೇಳಬಹುದು. ದುಡ್ಡು ಕೊಡಬೇಕಿಲ್ಲ. 14.100 ಮೆಗಾಹರ್ಟ್ಸ್‌ಗೆ ಹೋಗಿ "ಸುಮ್ನೆ ಕೇಳ್ತಾ ಇರು" ಎಂದರು.

ಮೊದಲ ಸಲಕ್ಕೆ ಅದು ಬರೀ ಪೀ ಪೀ ಸದ್ದು. ಆದರೆ ಅಲ್ಲಿ ಒಂದು ಸೊಗಸಾದ ಏರ್ಪಾಡಿದೆ. ಲೋಕದ ಬೇರೆ ಬೇರೆ ಕಡೆ ಹ್ಯಾಮ್‌ಗಳೇ ನಡೆಸುವ ಬೀಕನ್‌ಗಳಿಗಾಗಿ, ಅಂದರೆ ತಾವಾಗಿಯೇ ಸಿಗ್ನಲ್ ಕಳಿಸುವ ನಿಲ್ದಾಣಗಳಿಗಾಗಿ, ಆ ಒಂದೇ ಫ್ರೀಕ್ವೆನ್ಸಿಯಲ್ಲಿ 18 ಸರದಿಗಳಿವೆ. ಒಂದೊಂದಕ್ಕೆ 10 ಸೆಕೆಂಡ್, ಒಂದು ಸುತ್ತಿಗೆ 3 ನಿಮಿಷ. ಸರದಿ ಬಂದ ಬೀಕನ್ ಮೋರ್ಸ್‌ನಲ್ಲಿ ತನ್ನ ಗುರುತಿನ ಹೆಸರಾದ ಕಾಲ್‌ಸೈನ್ ಹೇಳಿ, ನಾಲ್ಕು ಉದ್ದನೆಯ ಡ್ಯಾಶ್ ಕಳಿಸುತ್ತದೆ. ಮೊದಲನೆಯದು 100 ವ್ಯಾಟ್, ಆಮೇಲೆ 10, ಆಮೇಲೆ 1. ಕೊನೆಯದು 0.1 ವ್ಯಾಟ್, ಅಂದರೆ ಮೊದಲನೆಯದರ ಸಾವಿರದಲ್ಲಿ ಒಂದು ಪಾಲು.

ಒಂದು ಬೀಕನ್‌ದು ಎರಡು ಡ್ಯಾಶ್ ಕೇಳಿಸಿತು. ಇನ್ನೊಂದರದು ಮೂರು. ಕೆಲವು ಸರದಿಗಳಲ್ಲಿ ಬರೀ ಗೊರಗೊರ. ಹುಡುಗಿ ಥಟ್ಟನೆ ಕೇಳಿದಳು. "ಎಲ್ಲರದೂ ನೂರು ವ್ಯಾಟೇ ಅಲ್ವಾ ಸರ್? ಮತ್ತೆ ಕೆಲವು ಯಾಕೆ ಬರ್ತಿಲ್ಲ?"

ಮೇಷ್ಟ್ರ ಮುಖ ಅರಳಿತು. ಅಲ್ಲಿಂದ ಮಾತು ವಾತಾವರಣದ ಮೇಲ್ಭಾಗದ ಅಯಾನುಗೋಳಕ್ಕೆ ಏರಿತು. ಬಿಸಿಲು ಬಿದ್ದಾಗ ಮೇಲಿನ ಪದರಗಳು ಹೇಗೆ ಅಲೆಯನ್ನು ಬಾಗಿಸಿ ಕೆಳಗೆ ಕಳಿಸುತ್ತವೆ, 7 ಮೆಗಾಹರ್ಟ್ಸ್ ಅಲೆ ಹಗಲಿಗಿಂತ ರಾತ್ರಿಯೇ ಯಾಕೆ ಜಾಸ್ತಿ ದೂರ ಹೋಗುತ್ತದೆ, ಎಲ್ಲವೂ ಬಂತು. ಪುಸ್ತಕದಲ್ಲಿ ಇದನ್ನು ಮೊದಲೇ ಓದಿಸಿದ್ದರೆ ಅವಳು ಆಕಳಿಸುತ್ತಿದ್ದಳು.

ಕೈಯಲ್ಲಿ ಹಿಡಿಯುವ ವಿಎಚ್‌ಎಫ್ (ಅತಿ ಹೆಚ್ಚಿನ ಫ್ರೀಕ್ವೆನ್ಸಿಯ) ಸೆಟ್ ಕೊಂಡು, ಖಂಡಾಂತರ ಮಾತಾಡುವ ಆಸೆಯಿಂದ ಕಾದವರನ್ನು ನಾನು ನೋಡಿದ್ದೇನೆ. 145 ಮೆಗಾಹರ್ಟ್ಸ್ ಅಲೆ ಸಾಮಾನ್ಯವಾಗಿ ಅಯಾನುಗೋಳದಿಂದ ಹಿಂದಿರುಗುವುದಿಲ್ಲ. ಅದನ್ನು ದಾಟಿ ಆಚೆ ಹೊರಟುಹೋಗುತ್ತದೆ. ಹತ್ತಿರದಲ್ಲಿ ಸಿಗ್ನಲ್ಲನ್ನು ಹಿಡಿದು ಮತ್ತೆ ಕಳಿಸುವ ರಿಪೀಟರ್ ಇಲ್ಲದಿದ್ದರೆ, ಮಾತಾಡುವ ಜನ ಇಲ್ಲದಿದ್ದರೆ, ಆ ಸೆಟ್ ಮೂಲೆ ಸೇರುತ್ತದೆ. ಅವರದು ದಡ್ಡತನ ಅಲ್ಲ. ಕೊಳ್ಳುವ ಮೊದಲು "ಏನೇನು ಕೇಳಿಸಿಕೊಂಡಿದ್ದೀಯಾ" ಅಂತ ಅವರನ್ನು ಯಾರೂ ಕೇಳಲಿಲ್ಲ, ಅಷ್ಟೇ. ಸಲಹೆ ಕೊಡುವವರು ಬೇಕಾದಷ್ಟಿದ್ದಾರೆ. ಫೋನ್ ಇಸಿದುಕೊಂಡು ಪಕ್ಕದಲ್ಲಿ ಕೂರುವವರು ಕಡಿಮೆ. ಈ ಹವ್ಯಾಸದಲ್ಲಿ ಒಳ್ಳೆಯ ಸೆಟ್‌ಗಿಂತ ಇಂಥ ಒಬ್ಬರು ಸಿಗುವುದೇ ದೊಡ್ಡ ಭಾಗ್ಯ ಅಂತ ನನಗೆ ಅನ್ನಿಸುತ್ತದೆ.

ಬಟನ್ ಒತ್ತಿ ಮಾತಾಡಲು ಲೈಸೆನ್ಸ್ ಬೇಕೇ ಬೇಕು. ಅದಕ್ಕೆ ಪರೀಕ್ಷೆ ಇದೆ, ಓದಲೇಬೇಕು. ಈಗ ಅವಳು ಓದುವ ರೀತಿಯೇ ಬದಲಾಗಿದೆ. ಎರಡು ತೋಳಿನ ತಂತಿ ಆಂಟೆನಾ ಡೈಪೋಲ್‌ನ ಪಾಠಕ್ಕೆ ಬಂದವಳೇ ಸೂತ್ರದ 143ನ್ನು 14.1 ಮೆಗಾಹರ್ಟ್ಸ್‌ನಿಂದ ಭಾಗಿಸಿ, ತಂತಿ 10 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬೇಕು, ಆಚೆಗೆ ಐದು, ಈಚೆಗೆ ಐದು ಅಂತ ಲೆಕ್ಕ ಹಾಕಿದ್ದಾಳೆ. ಅದನ್ನು ಎಲ್ಲಿಂದ ಎಲ್ಲಿಗೆ ಎಳೆಯುವುದು ಅಂತ ನಿನ್ನೆಯಿಂದ ನನ್ನ ಜೊತೆ ವಾದ ನಡೆದಿದೆ.