ಬರೀ ‘ಕಾಫಿ’ ಅಂತ ಕೇಳಿದರೆ ಸಾಲದು

ಹೊಸ ದೇಶದಲ್ಲಿ ಇಳಿದ ಮೊದಲ ಬೆಳಿಗ್ಗೆ ನನಗೆ ಬೇಕಾಗುವುದು ಒಂದೇ, ಒಳ್ಳೆಯ ಕಾಫಿ. ಊರು ನೋಡುವುದೆಲ್ಲ ಆಮೇಲೆ. ನಿದ್ದೆ ಅರೆಬರೆ ಆಗಿರುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಗುತ್ತಿರುತ್ತದೆ, ವಿಮಾನದಲ್ಲಿ ಕುಡಿದ ಕಾಫಿ ಇನ್ನೂ ನಾಲಿಗೆಯ ಮೇಲೇ ಇರುತ್ತದೆ. ಪಾಪ, ಆ ಕಾಫಿಯದ್ದೇ ಪೂರ್ತಿ ತಪ್ಪಲ್ಲ. ವಿಮಾನದೊಳಗೆ ಗಾಳಿ ಒಣಗಿರುತ್ತದೆ, ಒತ್ತಡ ಕಡಿಮೆ ಇರುತ್ತದೆ, ಮೂಗಿಗೆ ವಾಸನೆ ಸರಿಯಾಗಿ ಹತ್ತುವುದಿಲ್ಲ. ಎಂಥ ಕಾಫಿಯೂ ಅಲ್ಲಿ ಸ್ವಲ್ಪ ಸಪ್ಪೆಯೇ.

ಹೋಟೆಲ್‌ನ ತಿಂಡಿ ಕೋಣೆಯಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಪಾತ್ರೆಯಲ್ಲಿ ಕಾಫಿ ಬಿಸಿಯಾಗಿ ಕೂತಿರುತ್ತದೆ. ಯಾವಾಗ ಮಾಡಿದ್ದೋ ಗೊತ್ತಿಲ್ಲ. ಬಿಸಿಯಲ್ಲೇ ಇಟ್ಟಷ್ಟೂ ಕಹಿ ಜಾಸ್ತಿ ಆಗುತ್ತದೆ, ಪರಿಮಳ ಹೋಗುತ್ತದೆ. ಅದನ್ನು ಬಿಟ್ಟು ಹೊರಗೆ ನಡೆಯಿರಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ಆದರೆ ಹೊರಗೆ ಹೋಗಿ ‘ಕಾಫಿ’ ಅಂತ ಕೇಳಿದರೆ ಸಾಲದು. ಆ ಮಾತಿಗೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ. ಇಷ್ಟು ವರ್ಷ ಸುತ್ತಿದ ಮೇಲೆ ನಾನು ಹೊರಡುವ ಮುಂಚೆ ಹೋಟೆಲ್‌ಗಳ ಪಟ್ಟಿ ಮಾಡುವುದಿಲ್ಲ, ಅಂಗಡಿಗಳ ಪಟ್ಟಿಯನ್ನೂ ಮಾಡುವುದಿಲ್ಲ. ಆ ದೇಶದವರು ತಮ್ಮ ಕಾಫಿಯನ್ನು ಯಾವ ಮಾತಿನಲ್ಲಿ ಕೇಳುತ್ತಾರೆ ಅನ್ನುವುದನ್ನು ಕಲಿತು ಹೋಗುತ್ತೇನೆ. ನಾಲ್ಕೈದು ಪದ ಅಷ್ಟೆ.

ಇಟಲಿಯನ್ನೇ ತೆಗೆದುಕೊಳ್ಳಿ. ಅಲ್ಲಿ ‘ಕಫೆ’ ಅಂದರೆ ಎಸ್ಪ್ರೆಸೊ, ಮಿಷನ್ನಿನ ಒತ್ತಡದಲ್ಲಿ ಇಳಿಸಿದ ಗಟ್ಟಿ ಕಾಫಿ, ಬೇರೇನೂ ಹೇಳಬೇಕಾಗಿಲ್ಲ. ‘ಲಾತ್ತೆ’ ಅಂದರೆ ಬರೀ ಹಾಲು. ಹಾಲು ಹಾಕಿದ ಕಾಫಿ ಬೇಕಿದ್ದರೆ ಕಪುಚಿನೊ ಅಥವಾ ‘ಕಫೆ ಲಾತ್ತೆ’ ಅಂತ ಪೂರ್ತಿ ಕೇಳಬೇಕು. ನೇಪಲ್ಸ್‌ನಲ್ಲಿ ಮೊದಲ ಬೆಳಿಗ್ಗೆ ನಾನು ಏನೂ ಕೇಳದೆ ಒಂದು ಕಾಫಿ ಅಂಗಡಿಯ ಬಾಗಿಲ ಹತ್ತಿರ ಹತ್ತು ನಿಮಿಷ ಸುಮ್ನೆ ನಿಂತು ನೋಡಿದೆ. ಒಬ್ಬ ಅಜ್ಜ ಬಂದರು, ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತೆಗೆದುಕೊಂಡರು, ಅದನ್ನು ಕಟ್ಟೆಯ ಮೇಲೆ ಇಟ್ಟರು. ಕಾಫಿ ಮಾಡುವವನು ಮಿಷನ್ನಿನ ಉದ್ದನೆ ಹಿಡಿಯನ್ನು ಕೆಳಗೆಳೆದು ಬಿಟ್ಟ, ಅದು ನಿಧಾನವಾಗಿ ತಾನೇ ಮೇಲೇರಿತು, ಕೆಳಗೆ ಕಂದು ಬಣ್ಣದ ದಾರದ ಹಾಗೆ ಕಾಫಿ ಇಳಿಯಿತು. ಅಜ್ಜ ಮೊದಲು ಪಕ್ಕದ ಲೋಟದ ನೀರು ಕುಡಿದರು. ಆಮೇಲೆ ಮೂರೇ ಗುಟುಕು. ಹೊರಟೇ ಹೋದರು. ಅವರು ಮಾಡಿದ್ದನ್ನೇ ನಾನೂ ಮಾಡಿದೆ. ಕಪ್ಪು ಎಷ್ಟು ಸುಡುತ್ತಿತ್ತು ಅಂದರೆ ತುಟಿ ಇಡಲು ಹೆದರಿಕೆ, ಒಳಗೆ ಸುಮಾರು 25 ಎಂಎಲ್ ಕಾಫಿ, ಮೇಲೆ ಹೊಂಬಣ್ಣದ ನೊರೆ. ಆ ನೊರೆಗೂ ಆ ಹಿಡಿಗೂ ಸಂಬಂಧ ಇದೆ. ಅದಕ್ಕೂ ಮುಂಚೆ ಮಿಷನ್ನುಗಳಲ್ಲಿ ಹಬೆಯ ಒತ್ತಡ ಮಾತ್ರ ಇತ್ತು, ನೊರೆ ಹೀಗೆ ಬರುತ್ತಿರಲಿಲ್ಲ. ಮಿಲಾನಿನ ಅಕಿಲ್ಲೆ ಗಾಜಿಯಾ 1938ರಲ್ಲಿ ಹಬೆ ಬಳಸದ ಕಾಫಿ ಮಿಷನ್ನಿಗೆ ಪೇಟೆಂಟ್ ತೆಗೆದುಕೊಂಡರು, ಯುದ್ಧ ಮುಗಿದ ಮೇಲೆ ಹಿಡಿಯ ಮಿಷನ್ನು ಬಂತು, ಒತ್ತಡ ಎಷ್ಟೋ ಪಟ್ಟು ಏರಿತು, ನಾವು ಇವತ್ತು ಎಸ್ಪ್ರೆಸೊ ಅನ್ನುವುದು ಹುಟ್ಟಿದ್ದು ಆಗಲೇ. ಅಂದ ಹಾಗೆ, ಅಲ್ಲಿ ನಿಂತೇ ಕುಡಿಯಿರಿ. ಎಷ್ಟೋ ಕಡೆ ಕೂತರೆ ಬಿಲ್ ಜಾಸ್ತಿ.

ಸಿಂಗಪುರದ ಕಾಫಿ ಭಾಷೆ ನನಗೆ ತುಂಬಾ ಇಷ್ಟ. ‘ಕೋಪಿ’ ಅಂತ ಮಾತ್ರ ಹೇಳಿದರೆ ಕಂಡೆನ್ಸ್ಡ್ ಹಾಲು ಹಾಕಿದ್ದು ಬರುತ್ತದೆ. ‘ಕೋಪಿ-ಒ’ ಅಂದರೆ ಹಾಲಿಲ್ಲ, ಆದರೆ ಸಕ್ಕರೆ ಇದೆ. ಸಕ್ಕರೆಯೂ ಬೇಡ ಅಂದರೆ ‘ಕೋಪಿ-ಒ ಕೊಸೊಂಗ್’. ಕೊಸೊಂಗ್ ಅಂದರೆ ಮಲಯ್ ಭಾಷೆಯಲ್ಲಿ ಖಾಲಿ, ಒ ಅಂದರೆ ಚೀನಿಯರ ಹೊಕ್ಕಿಯೆನ್ ಭಾಷೆಯಲ್ಲಿ ಕಪ್ಪು. ಒಂದು ಲೋಟ ಕಾಫಿ ಕೇಳುವಾಗ ಎರಡು ಭಾಷೆ ಬಾಯಲ್ಲಿ ಬಂದು ಹೋಗುತ್ತವೆ, ಎಷ್ಟು ಚಂದ ಅಲ್ವಾ? ಹಳೇ ಪದ್ಧತಿಯಲ್ಲಿ ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿಯುತ್ತಾರೆ, ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಅದಕ್ಕೇ ಆ ಗಾಢ ಬಣ್ಣ, ಸುಟ್ಟ ಸಕ್ಕರೆಯ ಘಮ.

ಸ್ಪೇನಿನಲ್ಲೂ ಸಕ್ಕರೆ ಹಾಕಿ ಹುರಿದ ಬೀಜ ಇದೆ, ‘ತೊರೆಫಾಕ್ತೊ’ ಅಂತಾರೆ. ಅಲ್ಲಿ ಅದು ನನಗೆ ಹಿಡಿಸಲಿಲ್ಲ, ಕಹಿ ಗಂಟಲಲ್ಲೇ ಉಳಿಯುತ್ತದೆ. ಪುಡಿ ಕೊಳ್ಳುವಾಗ ಪೊಟ್ಟಣದ ಮೇಲೆ ‘ನಾತುರಾಲ್’ ಅಂತ ಇದೆಯಾ ನೋಡಿ, ಅದು ಸಕ್ಕರೆ ಹಾಕದೆ ಹುರಿದದ್ದು. ‘ಮೆಸ್ಕ್ಲಾ’ ಅಂತಿದ್ದರೆ ಎರಡೂ ಬೆರೆತಿದೆ ಅಂತ ಅರ್ಥ.

ಇಸ್ತಾಂಬುಲ್‌ನಲ್ಲಿ ಸಕ್ಕರೆಯ ಮಾತು ಮೊದಲೇ ಮುಗಿಸಬೇಕು. ಪುಡಿ, ನೀರು, ಸಕ್ಕರೆ ಮೂರನ್ನೂ ‘ಜೆಜ್ವೆ’ ಅನ್ನುವ ಪುಟ್ಟ ಪಾತ್ರೆಯಲ್ಲಿ ಒಟ್ಟಿಗೇ ಕಾಯಿಸುತ್ತಾರೆ, ಆಮೇಲೆ ಹಾಕಿಕೊಳ್ಳುವ ಹಾಗಿಲ್ಲ. ‘ಸಾದೆ’ ಅಂದರೆ ಸಕ್ಕರೆ ಇಲ್ಲದ್ದು, ‘ಓರ್ತಾ’ ಅಂದರೆ ಹದವಾಗಿ. ಪುಡಿ ಹಿಟ್ಟಿನಷ್ಟು ನುಣ್ಣಗಿರುತ್ತದೆ. ಕಪ್ಪು ಬಂದ ತಕ್ಷಣ ಕುಡಿಯಬೇಡಿ, ಚಮಚ ಹಾಕಿ ಕಲಕಲೂ ಬೇಡಿ. ಒಂದೆರಡು ನಿಮಿಷ ಬಿಟ್ಟರೆ ಚರಟ ತಳಕ್ಕೆ ಇಳಿಯುತ್ತದೆ. ಕೊನೆಯ ಗುಟುಕು ಕಪ್ಪಿನಲ್ಲೇ ಬಿಡಿ.

ಹನೋಯ್‌ನಲ್ಲಿ ಕಾಯುವುದು ಇನ್ನೂ ಜಾಸ್ತಿ. ಲೋಟದ ತಳದಲ್ಲಿ ಒಂದು ಬೆರಳಿನಷ್ಟು ಕಂಡೆನ್ಸ್ಡ್ ಹಾಲು, ಲೋಟದ ಬಾಯಿಯ ಮೇಲೆ ‘ಫಿನ್’ ಅನ್ನುವ ತಗಡಿನ ಪುಟ್ಟ ಫಿಲ್ಟರ್. ಡಿಕಾಕ್ಷನ್ ಹನಿಹನಿಯಾಗಿ ತೊಟ್ಟಿಕ್ಕುತ್ತದೆ, ಬಿಳಿ ಹಾಲಿನ ಮೇಲೆ ಕಪ್ಪು ಪದರ ನಿಧಾನವಾಗಿ ದಪ್ಪ ಆಗುತ್ತಾ ಹೋಗುತ್ತದೆ. ಅವಸರ ಮಾಡಿ ಮುಚ್ಚಳ ತೆಗೆದು ಅಲ್ಲಾಡಿಸಿದರೆ ಹದ ಕೆಡುತ್ತದೆ. ವಿಯೆಟ್ನಾಂನಲ್ಲಿ ಬೆಳೆಯುವುದು ಹೆಚ್ಚಾಗಿ ರೊಬಸ್ಟಾ. ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್, ಕಹಿಯೂ ಜೋರು, ಅದಕ್ಕೆ ಆ ಸಿಹಿ ಹಾಲು ಸರಿಯಾದ ಜೋಡಿ. 1946ರಲ್ಲಿ ಹಾಲು ಸಿಗದೆ ಇದ್ದಾಗ ಮೊಟ್ಟೆಯ ಹಳದಿಯನ್ನು ನೊರೆ ಬರುವಂತೆ ಕಡೆದು ಕಾಫಿಗೆ ಹಾಕಿದ್ದೂ ಇದೇ ಊರಿನಲ್ಲಿ. ಈಗ ಹಾಲು ಬೇಕಾದಷ್ಟು ಇದೆ, ಆದರೂ ಮೊಟ್ಟೆ ಕಾಫಿ ಹಾಗೇ ಉಳಿದುಕೊಂಡಿದೆ. ಒಮ್ಮೆ ಕುಡಿಯಿರಿ. ಮೊಟ್ಟೆಯ ವಾಸನೆ ಬರುತ್ತದೆ ಅನ್ನುವ ಭಯ ಬೇಡ.

ಪದಗಳು ಗೊತ್ತು, ಅಂಗಡಿ ಯಾವುದು ಅಂತ ಕೇಳುತ್ತೀರಿ. ದೊಡ್ಡ ಚೌಕದಿಂದ, ತಿನಿಸುಗಳ ಫೋಟೊ ಅಂಟಿಸಿದ ಬೋರ್ಡುಗಳಿಂದ ಎರಡು ಬೀದಿ ಹಿಂದಕ್ಕೆ ಹೋಗಿ. ಕೆಲಸಕ್ಕೆ ಹೊರಟವರು ಎಲ್ಲಿ ನುಗ್ಗುತ್ತಾರೆ ನೋಡಿ. ಎಸ್ಪ್ರೆಸೊ ಅಂಗಡಿ ಆದರೆ ನಾನು ಎರಡು ವಿಷಯ ಗಮನಿಸುತ್ತೇನೆ. ಒಂದು, ಬೀಸುವ ಮಿಷನ್ನಿನ ಸದ್ದು ಪ್ರತಿ ಕಪ್ಪಿಗೂ ಕೇಳುತ್ತದಾ? ಇನ್ನೊಂದು, ಹಾಲು ಕಾಯಿಸುವ ಹಬೆ ಕೊಳವೆ. ಪ್ರತಿ ಸಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರೆ ಧೈರ್ಯವಾಗಿ ಕೇಳಿ. ಒಣಗಿದ ಹಾಲು ಅಂಟಿಕೊಂಡಿದ್ದರೆ ತಿರುಗಿ ಬನ್ನಿ, ಆ ಕೈಯಿಂದ ಒಳ್ಳೆಯ ಕಾಫಿ ಬರುವುದು ಕಷ್ಟ.

ಜಪಾನಿನಲ್ಲಿ ರಸ್ತೆ ಬದಿಯ ಮಿಷನ್ನಿನಲ್ಲೂ ಡಬ್ಬಿ ಕಾಫಿ ಸಿಗುತ್ತದೆ. ಕೆಂಪು ಪಟ್ಟಿ ಇದ್ದರೆ ಬಿಸಿ, ನೀಲಿ ಇದ್ದರೆ ತಣ್ಣಗೆ. ಚಳಿಯಲ್ಲಿ ಅದನ್ನು ಕೈಯಲ್ಲಿ ಹಿಡಿದುಕೊಳ್ಳುವುದೇ ಒಂದು ಸುಖ. ರುಚಿಗೆ ಮಾತ್ರ ‘ಕಿಸ್ಸಾತೆನ್’ ಅನ್ನುವ ಹಳೇ ಕಾಫಿ ಮನೆಗಳಿಗೇ ಹೋಗಿ.

ಕಾಫಿ ಬೆಳೆಯುವ ದೇಶದಲ್ಲಿ ಎಲ್ಲೆಲ್ಲೂ ಒಳ್ಳೆಯ ಕಾಫಿ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಒಳ್ಳೆಯ ಬೀಜ ಹಡಗು ಹತ್ತಿ ಹೋಗಿರುತ್ತದೆ, ಬೆಳೆದವರಿಗೆ ಉಳಿದದ್ದು. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಇಥಿಯೋಪಿಯಾ ಹಾಗಲ್ಲ. ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ಅವರೇ ಕುಡಿಯುತ್ತಾರೆ. ಅಲ್ಲಿ ಕಾಫಿಗೆ ‘ಬುನ್ನ’ ಅಂತ ಹೆಸರು. ಅಡಿಸ್ ಅಬಾಬಾದಲ್ಲಿ ನನ್ನ ಕೊನೆಯ ಸಂಜೆ, ಒಬ್ಬ ಹೆಂಗಸು ಹಸಿ ಬೀಜ ತೊಳೆದು, ಕೆಂಡದ ಮೇಲೆ ತಟ್ಟೆ ಇಟ್ಟು ಹುರಿದರು. ಬೀಜ ಚಟಪಟ ಅಂದಾಗ ತಟ್ಟೆಯನ್ನು ಎಲ್ಲರ ಮುಂದೂ ತಂದು ಹೊಗೆಯನ್ನು ಕೈಯಿಂದ ನಮ್ಮ ಕಡೆ ಬೀಸಿದರು. ಆಮೇಲೆ ಕುಟ್ಟಿ, ‘ಜೆಬೆನ’ ಅನ್ನುವ ಉದ್ದ ಕತ್ತಿನ ಮಣ್ಣಿನ ಹೂಜಿಗೆ ಹಾಕಿ ಕುದಿಸಿದರು. ಒಂದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಮೂರು ಸುತ್ತು ಕೊಡುತ್ತಾರೆ: ಅಬೊಲ್, ತೋನ, ಬರಕ. ಮೂರನೆಯದು ತೆಳುವಾಗಿರುತ್ತದೆ, ಆದರೆ ಅದರ ಹೆಸರಿಗೆ ಆಶೀರ್ವಾದ ಅಂತ ಅರ್ಥ, ಅದಕ್ಕೆ ಮುಂಚೆ ಎದ್ದು ಹೋಗುವುದು ಚೆನ್ನಾಗಿರುವುದಿಲ್ಲ. ವಿಮಾನಕ್ಕೆ ಇನ್ನು ನಾಲ್ಕು ಗಂಟೆ ಇತ್ತು. ಚೀಲವನ್ನು ಗೋಡೆಗೆ ಒರಗಿಸಿ ಬರಕಕ್ಕೂ ಕೂತೆ.